ಹಬ್ಬದ ದಿನದ ಉಪವಾಸ

ಬೆರ್ರಿನ್ ಮಾಡಿದ ಅನುವಾದದಲ್ಲಿ ಯಾರೂ ಕೊಂಕು ತೆಗೆಯುವಂತಿರಲಿಲ್ಲ. ಆರೋಗ್ಯಕರ ಊಟದ ಗೀಳು ಅತಿಯಾದವರನ್ನು ಗುರುತಿಸುವ ಪ್ರಶ್ನಾವಳಿಯನ್ನು ತಿದ್ದಿ ತೀಡಿ ಟರ್ಕಿ ಭಾಷೆಗೆ ತಂದಿದ್ದಳು. ವಿಶ್ವವಿದ್ಯಾಲಯಕ್ಕೆ ಅದೊಂದು ಸಂಶೋಧನೆ. ಅವಳಿಗೆ ಮಾತ್ರ ಅದು ತಂಗಿ ನಿಲಾಯಳ ಪ್ರಾಣದ ಪ್ರಶ್ನೆ. ಹುಡುಗಿ ಸೊರಗಿ ಕಡ್ಡಿಯಾಗಿದ್ದಳು. ಡಾಕ್ಟರ ಮಾತೆತ್ತಿದರೆ "ನಂಗೇನಾಗಿದೆ?" ಎಂದು ಸಿಡುಕುತ್ತಿದ್ದಳು. ಊಟಕ್ಕೆ ಕರೆದರೆ ಉಪವಾಸ ಎನ್ನುತ್ತಿದ್ದಳು. ದೇವರ ಹೆಸರಲ್ಲಿ ಉಪವಾಸ ಇದ್ದವಳನ್ನು ಕೈಸೇರಿಯಂಥ ಮಡಿವಂತ ಊರಿನಲ್ಲಿ ಯಾರು ಬಲವಂತ ಮಾಡುತ್ತಾರೆ? ಅಮ್ಮನಿಗಂತೂ ಮಗಳ ಭಕ್ತಿಯ ಬಗ್ಗೆ ಹೆಮ್ಮೆಯೋ ಹೆಮ್ಮೆ.

ತಂಗಿಯೇ ಆ ಪ್ರಶ್ನಾವಳಿಯಲ್ಲಿ ತನ್ನ ಕೈಯಾರೆ ಗುರುತು ಹಾಕಿ ಕಾಯಿಲೆ ಇದೆಯೆಂದು ಒಪ್ಪಿಕೊಳ್ಳಬೇಕು, ಬೆರ್ರಿನ್‌ಗೆ ಬೇಕಿದ್ದದ್ದು ಅಷ್ಟೇ.

ಬಕ್ರೀದ್‌ನ ಎರಡನೇ ದಿನ ಚಿಕ್ಕಮ್ಮಂದಿರೆಲ್ಲ ಮನೆ ತುಂಬಿದ್ದರು. ಒಳ್ಳೆಯ ಸಮಯ ಎಂದು ಬೆರ್ರಿನ್ ಹಾಳೆಗಳನ್ನು ಹಂಚಿದಳು.

"ತಿನ್ನೋ ಪದಾರ್ಥ ಎಲ್ಲಿಂದ ಬಂತು ಅಂತ ಚಿಂತೆ ಮಾಡ್ತೀರಾ ಅಂತೆ!" ಮುಜ್ಗಾನ್ ಚಿಕ್ಕಮ್ಮ ಕನ್ನಡಕ ಏರಿಸಿದಳು. "ಮಾಡದೆ ಇರ್ತೀವಾ? ಅಂಗಡಿ ಬೆಣ್ಣೆನ ನಮ್ಮನೆ ಬೆಕ್ಕೂ ಮೂಸಲ್ಲ."

"ಟೊಮೆಟೊ ಪೇಸ್ಟ್ ನಾವೇ ಮಹಡಿ ಮೇಲೆ ಬಿಸಿಲಲ್ಲಿ ಒಣಗಿಸ್ಬೇಕು. ಡಬ್ಬೀದು ತಂದ ಸೊಸೆ ಇದ್ದಾಳೆ ನಮ್ಮನೇಲಿ, ಹೆಸರು ಹೇಳಲ್ಲ," ಎಂದಳು ಇನ್ನೊಬ್ಬಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಬೆರ್ರಿನ್ ಅಂಕ ಕೂಡಿಸಿದಳು. ಅದರ ಪ್ರಕಾರ ಗುಂಡುಗುಂಡಾಗಿದ್ದ ಚಿಕ್ಕಮ್ಮಂದಿರೆಲ್ಲ ಕಾಯಿಲೆಯವರು, ಎಲ್ಲಕ್ಕೂ 'ಎಂದೂ ಇಲ್ಲ' ಎಂದು ಗುರುತು ಹಾಕಿದ್ದ ನಿಲಾಯ್ ಒಬ್ಬಳೇ ಆರೋಗ್ಯವಂತೆ! ಭಾಷೆ ಸರಿಯಾಗಿತ್ತು, ಪ್ರಶ್ನೆಗಳು ಮಾತ್ರ ಬೇರೆ ಯಾರದೋ ಅಡುಗೆಮನೆಯಿಂದ ಬಂದಿದ್ದವು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಅಷ್ಟರಲ್ಲಿ ಅಮ್ಮ ಹುರಿದ ಕುರಿಮಾಂಸ, ಅನ್ನ ತುಂಬಿದ ದ್ರಾಕ್ಷಿ ಎಲೆಯ ಸುರುಳಿಗಳ ತಟ್ಟೆ ತಂದಳು. ನಿಲಾಯ್ ತಲೆ ಎತ್ತದೆ, ರೂಢಿಯಂತೆ ಹೇಳಿಬಿಟ್ಟಳು: "ನಂಗೆ ಬೇಡಮ್ಮ, ಉಪವಾಸ."

ನಗು ನಿಂತುಹೋಯಿತು.

"ಹಬ್ಬದ ದಿನ ಉಪವಾಸವೇನೇ?" ಮುಜ್ಗಾನ್ ಚಿಕ್ಕಮ್ಮ ಎದೆ ಮುಟ್ಟಿಕೊಂಡಳು. "ಹರಾಮು ಕಣೇ ಅದು, ದೇವರೇ ಬೇಡ ಅಂದಿದ್ದು! ಮಕ್ಕಳಿಗೂ ಗೊತ್ತು."

ನಿಲಾಯ್ ಕೆಂಪಾದಳು. ಏನೋ ಹೇಳಹೋಗಿ ತಡವರಿಸಿ ಅಡುಗೆಮನೆಗೆ ಎದ್ದು ಹೋದಳು. ಅಮ್ಮ ತಟ್ಟೆ ಹಿಡಿದು ಹಾಗೇ ನಿಂತಿದ್ದಳು. ಅವಳ ಹೆಮ್ಮೆಯೆಲ್ಲ ಒಂದೇ ಏಟಿಗೆ ಇಳಿದಿತ್ತು.

ಬೆರ್ರಿನ್‌ಗೆ ಮಾತ್ರ ದಾರಿ ಸಿಕ್ಕಿತ್ತು. ಹಾಳೆಯ ಕೊನೆಗೆ ತನ್ನದೇ ಒಂದು ಪ್ರಶ್ನೆ ಬರೆದಳು: 'ಬೇರೆಯವರು ಮಾಡಿದ ಅಡುಗೆ ತಪ್ಪಿಸಿಕೊಳ್ಳಲು ಉಪವಾಸದ ನೆಪ ಹೇಳುತ್ತೀರಾ?' ಮೂಲದಲ್ಲಿ ಇಲ್ಲದ್ದನ್ನು ಸೇರಿಸಿದರೆ ಪ್ರೊಫೆಸರರು ಕೂಗಾಡುತ್ತಾರೆ. ಕೂಗಾಡಲಿ, ಇಂಥ ಮನೆಗಳಲ್ಲಿ ಕೇಳಬೇಕಾದ ಪ್ರಶ್ನೆ ಯಾವುದೆಂದು ಈಗ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ನಿಲಾಯ್ ನಲ್ಲಿಯ ಬಳಿ ನಿಂತಿದ್ದಳು. ಬೆರ್ರಿನ್ ಹಾಳೆ, ಪೆನ್ನು ಮುಂದಿಟ್ಟಳು. ತಂಗಿ ಓದಿದಳು. ಮತ್ತೊಮ್ಮೆ ಓದಿದಳು. 'ಯಾವಾಗಲೂ' ಎಂಬುದರ ಮೇಲೆಯೇ ಗುರುತು ಹಾಕಿದಳು.

"ಅಮ್ಮ ಏನೇನು ಹಾಕಿರ್ತಾಳೋ ಅಂತ ಭಯ ಆಗತ್ತೆ ಅಕ್ಕ. ಗಂಟಲಲ್ಲಿ ಇಳಿಯಲ್ಲ," ಎಂದಳು. "ಉಪವಾಸ ಅಂದ್ರೆ ಯಾರೂ ಏನೂ ಕೇಳ್ತಿರ್ಲಿಲ್ಲ."

"ನಾನು ಕೇಳ್ದೆ ನೋಡು. ಹಬ್ಬ ಮುಗಿದ ತಕ್ಷಣ ಡಾಕ್ಟ್ರ ಹತ್ರ ಹೋಗೋಣ."

ನಿಲಾಯ್ ಕಣ್ಣೊರೆಸಿಕೊಂಡಳು. "ನೀನೂ ಡಾಕ್ಟ್ರ ರೂಮೊಳಗೆ ಬರ್ತೀಯ ತಾನೆ?"