ಮೂರನೆಯ ಹಾಳೆಯ ಜೋಡಿ

ಊರಿನ ಟ್ರಾಮಿಗೆ ಇನ್ನೂ ಕುದುರೆ ಕಟ್ಟುತ್ತಿದ್ದ ಕಾಲ. ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕ ಹೊಲಿಯುತ್ತಿದ್ದ ಹೆಂಗಸನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಿದ್ದರು. ಹೊಲಿಯುವವಳು ಅವಳು, ಪುಸ್ತಕದ ಬೆನ್ನಿನ ಮೇಲೆ ಚಿನ್ನದ ಅಕ್ಷರದಲ್ಲಿ ಹೆಸರು ಯಜಮಾನನದು. ಗಡಿಯಾರದಂಗಡಿಯ ಕೊಲೆಗಾರನನ್ನು ಪತ್ತೆ ಹಚ್ಚಿದವಳು ಅವಳು, ಪದಕ ಇನ್ಸ್‌ಪೆಕ್ಟರನ ಎದೆಗೆ. ಔಷಧದಂಗಡಿಯ ವಿಷದ ಪ್ರಕರಣ ಬಿಡಿಸಿದವಳೂ ಅವಳೇ, ಪತ್ರಿಕೆಯಲ್ಲಿ ಹೊಗಳಿಕೆ ಮತ್ತೆ ಅದೇ ಇನ್ಸ್‌ಪೆಕ್ಟರನಿಗೆ. ಆ ಮಹಾಶಯ ತನ್ನ ಜೀವಮಾನದಲ್ಲಿ ಸ್ವಂತವಾಗಿ ಬೆಳೆಸಿದ್ದು ಮೀಸೆ ಒಂದನ್ನೇ. ಸೂಜಿಯಕ್ಕನಿಗೆ ಇದರಿಂದ ಬೇಸರವೇನೂ ಆಗುತ್ತಿರಲಿಲ್ಲ. ದೊಡ್ಡ ಮನುಷ್ಯರ ಬುದ್ಧಿಯ ಬಗ್ಗೆ ಅವಳ ಅಭಿಪ್ರಾಯ ಮೊದಲೇ ಅಷ್ಟು ಕೆಳಗಿತ್ತು.

ಈ ಸಲದ ಮಾತು ಬೇರೆ. ಈ ಸಲ ಬೀದಿಗೆ ಬಿದ್ದದ್ದು ಅವಳ ತಂಗಿಯ ಮಗಳು.

ಹುಡುಗಿ ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದಳು. ಗಿರಣಿ ಯಜಮಾನನ ಒಬ್ಬನೇ ಮಗ ಅವಳನ್ನು ಮೆಚ್ಚಿ, ಅಪ್ಪನಿಗೆ ಹೇಳದೆ, ನೋಂದಣಿ ಕಚೇರಿಯಲ್ಲಿ ಮದುವೆಯಾದ. ಸಾಕ್ಷಿ ಹಾಕಿದವರಲ್ಲಿ ಒಬ್ಬಳು ಸೂಜಿಯಕ್ಕ, ಇನ್ನೊಬ್ಬ ಹುಡುಗನ ಗೆಳೆಯ. ಆ ಗೆಳೆಯ ಆಮೇಲೆ ಹಡಗು ಹತ್ತಿ ಹೋದವನು ಪತ್ತೆಯೇ ಇಲ್ಲ. ಎರಡು ವರ್ಷ ಗಂಡ ಹೆಂಡತಿ ಒಂದು ಬಾಡಿಗೆ ಕೋಣೆಯಲ್ಲಿ ಸುಖವಾಗಿದ್ದರು. ಮಗು ಹುಟ್ಟಿ ಆರು ತಿಂಗಳಿಗೆ ಅವನು ಜ್ವರದಲ್ಲಿ ಹೋಗಿಬಿಟ್ಟ. ಮೂರನೇ ದಿನ ಗಿರಣಿ ಯಜಮಾನ ಬಂದು ಮಗನ ಪೆಟ್ಟಿಗೆಯನ್ನು ಮದುವೆಯ ಪತ್ರದ ಸಮೇತ ಹೊರಿಸಿಕೊಂಡು ಹೋದ. ಹೋಗುವಾಗ ಬಾಗಿಲಲ್ಲಿ ನಿಂತು, "ಮದುವೆನಾ? ಯಾವ ಮದುವೆ?" ಎಂದು ಕೇಳಿದ.

ರಿಜಿಸ್ಟರ್ ತೆಗೆಸಿದರು. ಮದುವೆಗೊಂದು ಹಾಳೆ, ಹಾಳೆಗೊಂದು ಸಂಖ್ಯೆ. ಹುಡುಗಿಯ ಮದುವೆ ಇರಬೇಕಾದದ್ದು ಮೂರನೆಯ ಹಾಳೆಯಲ್ಲಿ. ಅಲ್ಲಿ ಯಾರೋ ಕೇಳರಿಯದ ದಂಪತಿಯ ಹೆಸರಿತ್ತು. ಹರಿದ ಗುರುತಿಲ್ಲ, ಅಂಟಿಸಿದ ಕಲೆಯಿಲ್ಲ, ಸಂಖ್ಯೆ ತಪ್ಪಿಲ್ಲ. ನೋಂದಣಿ ಗುಮಾಸ್ತ ಹಲ್ಲು ಕಿರಿಯುತ್ತಾ, "ಇಂಥವರು ದಿನಕ್ಕೊಬ್ಬರು ಬರ್ತಾರೆ," ಎಂದ. ಊರಿಗೆ ಅಷ್ಟೇ ಸಾಕಾಯಿತು. ನಿನ್ನೆಯವರೆಗೆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ ಮನೆಯೊಡತಿ ಕೋಣೆ ಖಾಲಿ ಮಾಡು ಅಂದಳು. ತಂದೆಯ ಹೆಸರಿಲ್ಲದ ಕೂಸನ್ನು ನೋಡಿ ಮೂಗು ಮುರಿಯಲು ಜನ ದೂರದಿಂದಲೂ ಬಂದರು.

"ದೊಡ್ಡಮ್ಮ, ನೀನೇ ಹೇಳು, ನಾನು ಸುಳ್ಳು ಹೇಳ್ತಿದೀನಾ?" ಎಂದು ಹುಡುಗಿ ಅತ್ತಳು.

"ನಾನೇ ಸಹಿ ಹಾಕಿದೀನಲ್ಲೇ ಪೆದ್ದಿ. ಅಳೋದು ನಿಲ್ಸಿ ಮಗೂಗೆ ಹಾಲು ಕೊಡು," ಎಂದು ಸೂಜಿಯಕ್ಕ ಗದರಿದಳು.

ಮರುದಿನವೇ ಅವಳು ಮೇಣದ ಉಂಡೆ, ಸೂಜಿ, ದಾರ ಹಿಡಿದು ನೋಂದಣಿ ಕಚೇರಿಗೆ ಹೋದಳು. ಗುಮಾಸ್ತ ಊಟಕ್ಕೆ ಹೋಗುವ ಹೊತ್ತು ನೋಡಿಕೊಂಡೇ ಹೋದದ್ದು. ಬಾಗಿಲು ಕಾಯುವ ಜವಾನನಿಗೆ, "ರಿಜಿಸ್ಟರ್‌ಗಳ ಬೆನ್ನು ಸಡಿಲ ಆಗಿದೆಯಂತೆ, ಅಂಗಡಿಯಿಂದ ಕಳಿಸಿದ್ದಾರೆ," ಎಂದಳು. ಕೈಯಲ್ಲಿ ಸೂಜಿ ಹಿಡಿದ ಹೆಂಗಸನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಜವಾನ ಕಪಾಟಿನ ಬೀಗ ತೆಗೆದುಕೊಟ್ಟು ತೂಕಡಿಸತೊಡಗಿದ.

ಆ ರಿಜಿಸ್ಟರ್ ಹೊಲಿದವಳು ಅವಳೇ. ಮೇಣ ಸವರಿದ ದಾರ ಅವಳದು, ವರ್ಷ ಕಳೆದರೆ ಹಳದಿಗೆ ತಿರುಗುತ್ತದೆ. ಗಂಟು ಯಾವಾಗಲೂ ಮಡಿಕೆಯ ಕೆಳತುದಿಯಲ್ಲಿ, ಸಾಸಿವೆಯಷ್ಟು. ಒಟ್ಟಿಗೆ ಮಡಚಿ ಹೊಲಿದ ಹಾಳೆಗಳ ಮೊದಲ ಕಂತೆಯನ್ನು ನಡುವೆ ಬಿಡಿಸಿ ನೋಡಿದಳು. ಬೆಳ್ಳನೆಯ ಹೊಸ ದಾರ, ಮಡಿಕೆಯ ನಟ್ಟನಡುವೆ ಗೋಣಿಚೀಲಕ್ಕೆ ಹಾಕುವಂಥ ದಪ್ಪ ಗಂಟು. "ಥೂ, ಏನು ಒರಟು ಕೈಯಪ್ಪಾ," ಎಂದುಕೊಂಡಳು. ಆಮೇಲೆ ಬೆರಳಲ್ಲಿ ಎಣಿಸಿ ಹದಿನಾಲ್ಕನೆಯ ಹಾಳೆ ತಿರುವಿದಳು. ಅಲ್ಲಿದ್ದ ಹೆಸರು ಓದಿ, ಎಷ್ಟೋ ದಿನಗಳ ಮೇಲೆ ಮೊದಲ ಸಲ ನಕ್ಕಳು.

ಹುಡುಗಿಯ ದೂರಿನ ವಿಚಾರಣೆ ನಡೆದದ್ದು ಮ್ಯಾಜಿಸ್ಟ್ರೇಟರ ಕೊಠಡಿಯಲ್ಲಿ. ಗಿರಣಿ ಯಜಮಾನನಿಗೆ ಕುರ್ಚಿ, ಗುಮಾಸ್ತನಿಗೆ ಸ್ಟೂಲು, ಮಗು ಎತ್ತಿಕೊಂಡವಳಿಗೆ ಗೋಡೆ. ಮ್ಯಾಜಿಸ್ಟ್ರೇಟರು ಕನ್ನಡಕ ಒರೆಸಿಕೊಳ್ಳುತ್ತಾ, ಸತ್ತವರ ಮೇಲೆ ಗೂಬೆ ಕೂರಿಸುವ ಹೆಣ್ಣುಗಳ ನಡತೆಯ ಬಗ್ಗೆ ಕಾಲು ಗಂಟೆ ಉಪದೇಶ ಮಾಡಿದರು. ಗಿರಣಿ ಯಜಮಾನ ತಲೆದೂಗಿದ. ಎಲ್ಲ ಮುಗಿದ ಮೇಲೆ, "ನಿನ್ನ ಕಡೆಯಿಂದ ಮಾತಾಡೋರು ಯಾರಾದ್ರೂ ಇದಾರಾ?" ಎಂದು ಕೇಳಿದರು.

"ನಾನಿದೀನಿ ಸ್ವಾಮಿ. ಪುಸ್ತಕ ಹೊಲಿಯೋಳು."

"ನೀನೇನಮ್ಮ ಹೇಳ್ತೀಯಾ? ಇದು ಕಾನೂನು, ಕಸೂತಿ ಅಲ್ಲ."

ಗಿರಣಿ ಯಜಮಾನ ಹೊಟ್ಟೆ ಕುಣಿಸಿ ನಕ್ಕ. ಸೂಜಿಯಕ್ಕ ಆ ನಗು ಪೂರ್ತಿ ಮುಗಿಯುವವರೆಗೂ ಕಾದಳು.

"ಕಾನೂನು ನಿಮಗೆ ಗೊತ್ತು, ಹೊಲಿಗೆ ನನಗೆ ಗೊತ್ತು. ಎಂಟು ದೊಡ್ಡ ಕಾಗದ ಒಂದರೊಳಗೊಂದು ಇಟ್ಟು ನಡುವೆ ಮಡಚಿದ್ರೆ ಹದಿನಾರು ಹಾಳೆ ಆಗುತ್ತೆ. ಒಂದನೇದೂ ಹದಿನಾರನೇದೂ ಒಂದೇ ಕಾಗದ. ಎರಡನೇದಕ್ಕೆ ಹದಿನೈದು ಜೋಡಿ. ಮೂರನೇದಕ್ಕೆ ಹದಿನಾಲ್ಕು. ಮೂರನೇ ಹಾಳೆ ಕದಿಯೋನು ಹದಿನಾಲ್ಕನೇದನ್ನೂ ಕದೀಲೇಬೇಕು. ಕದ್ದು, ಹೊಸ ಕಾಗದ ಹಾಕಿ, ಹದಿನಾಲ್ಕರಲ್ಲಿದ್ದದ್ದನ್ನ ನಕಲು ಮಾಡಿ ಬರೀಬೇಕು. ಹದಿನಾಲ್ಕು ಒಂಚೂರು ತೆಗೆದು ನೋಡಿ ಸ್ವಾಮಿ."

ಗುಮಾಸ್ತನ ಮುಖ ಹುಳ್ಳಗಾಯಿತು. ಮ್ಯಾಜಿಸ್ಟ್ರೇಟರು ಬೇಸರದಿಂದ ಹಾಳೆ ತಿರುವಿ, ಹುಬ್ಬು ಗಂಟಿಕ್ಕಿದರು.

"ಇದು ನನ್ನ ಮಗಳ ಮದುವೆ."

"ಸಾಕ್ಷಿ ಸಹಿ ತಮ್ಮದೇ ಅಲ್ವಾ?"

"ನನ್ನದೇ..." ಎಂದು ಶುರು ಮಾಡಿದವರು ಅಲ್ಲೇ ನಿಂತರು. ಕಾಗದವನ್ನು ಕಿಟಕಿಯ ಕಡೆ ತಿರುಗಿಸಿದರು. "ಮಸಿ ಎಲ್ಲಿ? ನನ್ನ ಅಳಿಯ ಅವತ್ತು ಮೊಣಕೈ ತಾಗಿಸಿ ಮಸಿಕುಡಿಕೆ ಉರುಳಿಸಿದ್ದ. ಅರ್ಧ ಹಾಳೆ ಕಪ್ಪಾಗಿತ್ತು. ಇವತ್ತಿಗೂ ಅವನಿಗೆ ಅದನ್ನೇ ಹೇಳಿ ಬೈತೀನಿ!"

ಗುಮಾಸ್ತ ಸಹಿಯ ಸೊಟ್ಟವನ್ನೂ ಬಿಡದೆ ನಕಲು ಮಾಡಿದ್ದ. ಮಸಿ ಚೆಲ್ಲುವುದು ಮಾತ್ರ ಅವನ ಕೈಯಲ್ಲಾಗಿರಲಿಲ್ಲ. ಮೂವತ್ತು ವರ್ಷ ಅಂದವಾಗಿ ಬರೆದೇ ಸಂಬಳ ಎಣಿಸಿದವನು ಸರ್ಕಾರಿ ರಿಜಿಸ್ಟರಿನ ಮೇಲೆ ಬೇಕೆಂದೇ ಮಸಿ ಸುರಿದಾನೆಯೇ? ಸುಳ್ಳು ಬರೆಯಲು ಹೇಸದ ಕೈಗೆ ಕೊಳಕು ಬರೆಯಲು ನಾಚಿಕೆಯಾಗಿತ್ತು.

"ಅಂದ್ರೆ ನನ್ನ ಮಗಳ ಮದುವೆ..." ಎಂದರು ಮ್ಯಾಜಿಸ್ಟ್ರೇಟರು.

"ಸದ್ಯಕ್ಕೆ ಅದೂ ಆಗಿಲ್ಲ ಸ್ವಾಮಿ. ಇವಳದೂ ಆಗಿಲ್ಲ, ಅವರದೂ ಆಗಿಲ್ಲ. ಅಸಲು ಕಾಗದ ಸಿಕ್ಕಿದ್ರೆ ಇಬ್ಬರದೂ ಆದ ಹಾಗೆ. ಈ ಗುಮಾಸ್ತರು ಸುಟ್ಟಿರಲ್ಲ ಬಿಡಿ. ಅದು ಇರೋವರೆಗೂ ಗಿರಣಿ ಯಜಮಾನರ ಜುಟ್ಟು ಇವರ ಕೈಲಿರುತ್ತಲ್ಲ."

ಗಿರಣಿ ಯಜಮಾನ ಗುಮಾಸ್ತನನ್ನು ನುಂಗುವ ಹಾಗೆ ನೋಡಿದ. ಲಂಚ ಕೊಟ್ಟವನಿಗೆ ಈ ಯೋಚನೆ ಹೊಳೆದೇ ಇರಲಿಲ್ಲ. ಪೊಲೀಸರನ್ನು ಕಳಿಸಿ ಗುಮಾಸ್ತನ ಮನೆ ಶೋಧಿಸಿದಾಗ, ಹಾಸಿಗೆಯ ಕೆಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಕಾಗದ ಸಿಕ್ಕಿತು. ಒಂದು ಕಡೆ ಅರ್ಧ ಕಪ್ಪಾದ ಮ್ಯಾಜಿಸ್ಟ್ರೇಟರ ಮಗಳ ಮದುವೆ, ಇನ್ನೊಂದು ಕಡೆ ಹುಡುಗಿಯ ಸಹಿ, ಗಂಡನ ಸಹಿ, ಸೂಜಿಯಕ್ಕನ ಸಹಿ.

ಇಷ್ಟಾದರೂ ಮ್ಯಾಜಿಸ್ಟ್ರೇಟರು ತಮ್ಮ ಗುಣ ಬಿಡಲಿಲ್ಲ. ತಗ್ಗಿದ ದನಿಯಲ್ಲಿ, "ನೋಡಮ್ಮ, ನನ್ನ ಮಗಳ ಅರ್ಧ ಮಾತ್ರ ಕತ್ತರಿಸಿ ಈಗ ಹೊಲಿದುಬಿಡು. ಇನ್ನರ್ಧ ನಿಧಾನಕ್ಕೆ ವಿಚಾರ ಮಾಡಿದ್ರಾಯ್ತು," ಎಂದರು.

"ದಾರ ನಿಲ್ಲೋದು ಮಡಿಕೆ ಮೇಲೆ ಸ್ವಾಮಿ. ಕತ್ತರಿಸಿದ್ರೆ ಎರಡೂ ಉದುರುತ್ತೆ. ಆಮೇಲೆ ಅದು ಅಸಲು ಅಂತ ಯಾರೂ ಒಪ್ಪಲ್ಲ. ನಿಮ್ಮಿಷ್ಟ."

ಅವರ ಇಷ್ಟಕ್ಕೆ ಹೆಚ್ಚು ದಾರಿಯಿರಲಿಲ್ಲ. ಎರಡೂ ಮದುವೆ ಸಿಂಧು ಎಂದು ಆಜ್ಞೆ ಬರೆದರು. ಗುಮಾಸ್ತನಿಗೆ ಬೇಡಿ ಬಿತ್ತು. ಗಿರಣಿ ಯಜಮಾನ ಪುತ್ರಶೋಕದಲ್ಲಿ ಏನೂ ತಿಳಿಯದೆ ಮೋಸಹೋದರೆಂದು ಷರಾ ಬರೆದು ಬಿಟ್ಟುಬಿಟ್ಟರು. ಇಬ್ಬರೂ ಒಂದೇ ಕ್ಲಬ್ಬಿನವರು. ಸೂಜಿಯಕ್ಕ ಅಲ್ಲೇ ಮೇಜಿನ ಮೇಲೆ ಕಾಗದವನ್ನು ಕಂತೆಯೊಳಗೆ ಕೂರಿಸಿ ಹೊಲಿದಳು. ರಿಜಿಸ್ಟರ್ ಮುಚ್ಚಿಕೊಳ್ಳದ ಹಾಗೆ ಮ್ಯಾಜಿಸ್ಟ್ರೇಟರೇ ಎರಡು ಕೈಯಲ್ಲಿ ಹಿಡಿದು ನಿಲ್ಲಬೇಕಾಯಿತು. "ಅಲ್ಲಾಡಿಸ್ಬೇಡಿ," ಎಂದು ಅವಳು ಎರಡು ಸಲ ಗದರಿದಳು.

ಹೊರಗೆ ಮೆಟ್ಟಿಲ ಮೇಲೆ ಗಿರಣಿ ಯಜಮಾನ ಕಾದು ನಿಂತಿದ್ದ. ಮುಖದ ಮೇಲೆ ಆಗಲೇ ಅಜ್ಜನ ಕಳೆ ತಂದುಕೊಂಡಿದ್ದ. "ಆದದ್ದಾಯ್ತು ತಾಯಿ. ವಂಶದ ಕುಡಿ. ಕೊಡು, ಎತ್ಕೋತೀನಿ," ಎಂದು ಎರಡೂ ಕೈ ಚಾಚಿದ.

ಹುಡುಗಿ ಮಗುವನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿಕೊಂಡಳು.

"ಇವತ್ತು ಬೆಳಿಗ್ಗೆವರೆಗೂ ಇದು ಯಾರ ಮಗು ಅಂತ ನಿಮಗೆ ಗೊತ್ತಿರಲಿಲ್ಲ. ಇನ್ಮೇಲೆ ನೀವು ಯಾರು ಅಂತ ಇದಕ್ಕೆ ಗೊತ್ತಾಗಲ್ಲ. ದಾರಿ ಬಿಡಿ."

ಚಾಚಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಗಿರಣಿ ಯಜಮಾನ ಪಕ್ಕಕ್ಕೆ ಸರಿದ.