ಆರನೆಯ ಕಾಡತೂಸು

ಸಿಂದಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮೈಬೂಬನ ಬಂದೂಕು ರಿಪೇರಿ ಅಂಗಡಿ ಇದೆ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಹೊಲದಲ್ಲಿ ಹಂದಿ ಓಡಿಸಲು ಬಂದೂಕು ಇಟ್ಟವರೆಲ್ಲ ಒಮ್ಮೆಯಾದರೂ ಅವನ ಮೇಜಿನ ಮುಂದೆ ಕೈಕಟ್ಟಿ ನಿಂತವರೇ. ಮೂವತ್ತು ವರ್ಷ ಕಬ್ಬಿಣದ ಜೊತೆ ಹೆಣಗಿ ಅವನು ಕಲಿತದ್ದು ಇಷ್ಟು: ಬಂದೂಕು ಕೆಟ್ಟರೆ ಸರಿಮಾಡಬಹುದು, ಬಂದೂಕು ಹಿಡಿದವನ ತಲೆ ಕೆಟ್ಟರೆ ಅದನ್ನು ಉಜ್ಜುವ ಅರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಬನ್ನಿ ಹಬ್ಬದ ಮರುದಿನ ಬೆಳಿಗ್ಗೆ ಹತ್ತಕ್ಕೆ ರಾವಸಾಬ ಜೀಪಿನಿಂದ ಇಳಿದು ಒಳಗೆ ಬಂದ. ದೇವರ ಹಿಪ್ಪರಗಿ ಹತ್ತಿರ ತೊಗರಿ, ಜೋಳದ ಹೊಲ ಇರುವ ದೊಡ್ಡ ಕುಳ. ಮಾತು ಕಡಿಮೆ, ಸಿಟ್ಟು ಜಾಸ್ತಿ. ಹಿಂದೆಯೇ ಅವನ ಹೆಂಡತಿ ಗುಂಡವ್ವ ಇಳಿದಳು. ಬಂದೂಕಿನ ಅಂಗಡಿಗೆ ಹೆಂಗಸರು ಬರುವುದು ಅಪರೂಪ. ಅವಳು ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಳಿತು ಎಲೆ ಅಡಿಕೆಯ ಚೀಲ ಬಿಚ್ಚಿದಳು.

ರಾವಸಾಬ ಮೇಜಿನ ಮೇಲೆ ಒಂದು ಗಂಟು ಇಟ್ಟ. ಒಳಗೆ ಅವನ ರಿವಾಲ್ವರ್, ಆರು ಕಾಡತೂಸು. ಎಲ್ಲದಕ್ಕೂ ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಕುಂಕುಮ ಮೆತ್ತಿಕೊಂಡಿತ್ತು.

"ಕಾಡತೂಸು ಒಳಗ ಕೂಡ್ರವಲ್ಲವು, ಮೈಬೂಬ. ನಾಕಕ್ಕ ಕೆಲಸ ಐತಿ. ಅದರೊಳಗ ಸರಿ ಆಗಬೇಕು."

"ಏನ್ ಕೆಲಸರಿ, ಸಾವಕಾರ್ರ?"

"ಸರ್ವೇಯರ ಬರ್ತಾನ. ಬಾಂದಕಲ್ಲ ನೆಡತಾರ. ಬೀರಣ್ಣನೂ ಬಂದು ನಿಂದರ್ತಾನ."

ಬೀರಣ್ಣ ರಾವಸಾಬನ ಬೆನ್ನಿಗೆ ಬಿದ್ದ ತಮ್ಮ. ಮೂರು ಗೇಣಿನ ಬದುವಿಗಾಗಿ ಅಣ್ಣತಮ್ಮಂದಿರು ನಾಲ್ಕು ವರ್ಷದಿಂದ ಮಾತು ಬಿಟ್ಟದ್ದು ತಾಲೂಕಿಗೇ ಗೊತ್ತು. ನಿನ್ನೆ ಸಂಜೆ ಬೀರಣ್ಣ ಬನ್ನಿ ಕೊಡಲು ಅಣ್ಣನ ಮನೆಗೆ ಬಂದದ್ದು, ಅಣ್ಣ ಮುಖದ ಮೇಲೆ ಬಾಗಿಲು ಹಾಕಿದ್ದು ಬೆಳಿಗ್ಗೆಯ ಚಹಾದ ಜೊತೆ ಸಿಂದಗಿಗೂ ತಲುಪಿತ್ತು. ಬನ್ನಿ ಕೊಡಲು ಬಂದರೆ ಕಡುವೈರಿಯನ್ನೂ ಹೊಸ್ತಿಲಿನಿಂದ ತಿರುಗಿ ಕಳಿಸುವುದಿಲ್ಲ. ಅಂಥ ದಿನವೇ ಬಾಗಿಲು ಹಾಕಿದವನು ಇವತ್ತು ರಿವಾಲ್ವರ್ ಹಿಡಿದು ಬಾಂದಕಲ್ಲಿಗೆ ಹೊರಟಿದ್ದಾನೆ ಎಂದರೆ ಅದರ ಅರ್ಥ ಸಣ್ಣ ಮಗುವಿಗೂ ತಿಳಿಯುತ್ತದೆ.

ಆದರೂ ಮೈಬೂಬನ ಕೈ ತನ್ನ ಕೆಲಸಕ್ಕೆ ಹತ್ತಿತು. ಪೂಜೆಯ ಎಣ್ಣೆ ಕುಂಕುಮ ಒಣಗಿ ಗಟ್ಟಿಯಾಗಿರಬೇಕೆಂದು ಅವನ ಮೊದಲ ಅಂದಾಜು. ದಸರೆಯ ಮರುದಿನ ಬರುವ ಬಂದೂಕುಗಳ ರೋಗ ಹೆಚ್ಚಾಗಿ ಅದೇ. ಚಕ್ರ ಹೊರಕ್ಕೆ ತೆಗೆದು ಅದರ ಆರೂ ಮನೆಗಳನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದ. ಕಾಡತೂಸುಗಳನ್ನೂ ಒರೆಸಿದ. ಮತ್ತೆ ಹಾಕಿ ನೋಡಿದ. ಮೊದಲನೆಯದು ಮುಕ್ಕಾಲು ಒಳಗೆ ಹೋಗಿ ಬುಡದ ಹತ್ತಿರ ಗಕ್ಕನೆ ನಿಂತಿತು. ಎರಡನೆಯದೂ ಹಾಗೆಯೇ.

ಒರೆಸಿದ ಮೇಲೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಹಿತ್ತಾಳೆ ಹಳೆಯದು, ಒಮ್ಮೆ ಹಾರಿಸಿದ್ದು.

"ಇವು ಕಂಪನಿ ಮಾಲಲ್ಲರಿ. ಖಾಲಿ ಕಾಡತೂಸಿನ್ಯಾಗ ಯಾರೋ ಕೈಲೆ ಮದ್ದ ತುಂಬ್ಯಾರ."

"ಚಡಚಣದ ಲೇಥ್ ಅಂಗಡಿ ಅನೀಲಕುಮಾರ ತುಂಬ್ಯಾನ. ಮದವಿ ಮುಂಜವ್ಯಾಗ ಹಾರಿಸಿ ಇದ್ದ ಕಾಡತೂಸೆಲ್ಲ ಮುಗದಿದ್ದವು. ಯಾಕ, ನಿನಗ ಅಂಜಿಕಿ ಆಗಾಕತ್ತೈತೇನ?"

"ಆಗದ ಏನ್ರಿ. ಇದನ್ನ ಮುಟ್ಟಿದ್ದು ಗೊತ್ತಾದ್ರ ನನ್ನ ಲೈಸೆನ್ಸ ಹೋಗತೈತಿ."

"ಮುಟ್ಟಿ ಆಗೇತಿ. ಮುಂದ ನೋಡು."

ಮೈಬೂಬ ಕಣ್ಣಿಗೆ ಭೂತಗನ್ನಡಿ ಏರಿಸಿದ. ಮೂರನೆಯದು, ನಾಲ್ಕನೆಯದು, ಐದನೆಯದು. ಮೂರೂ ಬುಡದಲ್ಲೇ ಹಿಡಿದವು. ಹಾರಿಸಿದ ಹಿತ್ತಾಳೆ ಸ್ವಲ್ಪ ಉಬ್ಬುತ್ತದೆ, ಅದು ನಿಜ. ಆದರೆ ಉಬ್ಬಿದ್ದು ಸುತ್ತಲೂ ಉಬ್ಬುತ್ತದೆ. ಇವು ಹಾಗಿರಲಿಲ್ಲ, ಒಂದು ಕಡೆ ಚಪ್ಪಟೆಯಾಗಿ ಇನ್ನೊಂದು ಕಡೆ ಉಬ್ಬಿದ್ದವು. ಚಪ್ಪಟೆಯಾದಲ್ಲಿ ಎದುರು ಬದುರು ಎರಡು ಗೀರು, ಒಂದು ಸಣ್ಣದು, ಒಂದು ಉದ್ದದ್ದು. ಐದಕ್ಕೂ ಒಂದೇ ಜಾಗ, ಒಂದೇ ಗುರುತು. ಲೇಥಿನ ಗುರುತು ಇದಲ್ಲ. ಯಾರೋ ಒಂದೊಂದನ್ನೇ ಹಿಡಿದು, ಒಡೆಯದ ಹಾಗೆ ಹುಷಾರಾಗಿ, ಎರಡು ಅಲಗಿನ ನಡುವೆ ಇಟ್ಟು ಒತ್ತಿದ್ದಾರೆ.

ಬಾಗಿಲ ಕಡೆ ಟಕ್ ಎಂದು ಅಡಿಕೆ ಒಡೆಯಿತು. ಮೈಬೂಬ ತಲೆ ಎತ್ತಿದ. ಗುಂಡವ್ವನ ಕೈಯಲ್ಲಿ ಅಡಕತ್ತರಿ ಇತ್ತು. ಅವಳು ಅಡಿಕೆಯನ್ನು ನೋಡುತ್ತಿರಲಿಲ್ಲ, ಅವನ ಕೈಯನ್ನೇ ನೋಡುತ್ತಿದ್ದಳು.

ಅವನಿಗೆ ಎಲ್ಲ ತಿಳಿಯಿತು. ಈ ಕಡೆಯ ಒಕ್ಕಲ ಮನೆಗಳ ಪದ್ಧತಿ ಅವನಿಗೆ ಗೊತ್ತಿಲ್ಲದ್ದೇನಲ್ಲ. ನವರಾತ್ರಿಯ ಮೊದಲ ದಿನ ಘಟ್ಟ ಹಾಕಿದಾಗಿನಿಂದ ಖಂಡೇಪೂಜೆಯವರೆಗೆ ಮನೆಯ ಆಯುಧಗಳೆಲ್ಲ ದೇವರ ಮುಂದೆ ಇರುತ್ತವೆ. ಒಂಬತ್ತು ದಿನ ಗಂಡಸರು ಅವನ್ನು ಮುಟ್ಟುವಂತಿಲ್ಲ. ದೀಪಕ್ಕೆ ಎಣ್ಣೆ ಹಾಕುವ ಮನೆಯೊಡತಿಯದೊಂದೇ ಕೈ ಅಲ್ಲಿ ಆಡುತ್ತದೆ. ಆ ಒಂಬತ್ತು ದಿನದಲ್ಲಿ ಗುಂಡವ್ವ ಮೈದುನನ ಜೀವ ಕಾಯುವ ಕೆಲಸ ಮಾಡಿದ್ದಳು.

ಇದನ್ನು ಬಾಯಿಬಿಟ್ಟರೆ ಇವಳ ಗತಿ ಏನು? ಬಿಡದೆ ಗುಂಡು ಸರಿಮಾಡಿ ಕೊಟ್ಟರೆ ಬೀರಣ್ಣನ ಗತಿ ಏನು? ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಎಂದು ಜನ ಸುಮ್ಮನೆ ಹೇಳುವುದಿಲ್ಲ. ಅವನು ಆರನೆಯದನ್ನು ಎತ್ತಿ ಚಕ್ರದ ಮನೆಗೆ ಇಟ್ಟ. ಅದು ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿದು ಕುಳಿತಿತು. ಚಕ್ರವೂ ಸರಾಗವಾಗಿ ತಿರುಗಿತು.

ರಾವಸಾಬ ಅದನ್ನು ನೋಡಿದ. "ಒಂದು ಹೋತಲ್ಲ. ಸಾಕು. ಬೀರಣ್ಣಗ ಒಂದ ಸಾಕು."

ಕೈ ಚಾಚಿ ರಿವಾಲ್ವರ್ ಎತ್ತಿಕೊಂಡೇಬಿಟ್ಟ. ಮೈಬೂಬ ಮೇಜು ಬಿಟ್ಟು ಎದ್ದ. ಜೀವಮಾನದಲ್ಲಿ ಕೆಲಸದ ವಿಷಯದಲ್ಲಿ ಅವನು ಸುಳ್ಳು ಹೇಳಿದವನಲ್ಲ, ಈಗ ಹೇಳಿದ.

"ಅದನ್ನ ಹಾರಿಸಬ್ಯಾಡ್ರಿ. ತಪ್ಪ ತುಂಬಿದಾವಂದೈತಿ. ಆರೂ ಕೆಟ್ಟಾವು. ಉಬ್ಬಿದ ಹಿತ್ತಾಳಿನ ಅಚ್ಚಿನ್ಯಾಗ ಹಾಕಿ ಮೊದಲಿನ ಅಳತೀಗಿ ತಂದಿಲ್ಲ ಅಂವ."

"ಇದು ಹೆಂಗ ಕುಂತೈತಿ ಹಂಗಾರ?"

"ಕೂಡ್ರೂದು ಬ್ಯಾರೆ, ಹಾರೂದು ಬ್ಯಾರೆರಿ. ಒಳಗ ಮದ್ದ ಎಷ್ಟ ತುರುಕ್ಯಾನೋ ಯಾರ ಬಲ್ಲರು? ಕೈಯಾಗ ಸಿಡದ್ರ ನಿಮ್ಮ ಬೆರಳ ಉಳಿಯಂಗಿಲ್ಲ. ರಿವಾಲ್ವರ್ ಇಲ್ಲೇ ಇಟ್ಟು ಹೋಗ್ರಿ."

ರಾವಸಾಬ ರಿವಾಲ್ವರ್ ಕೆಳಗಿಡಲಿಲ್ಲ.

"ಅಂವ ಇಂಥಾ ತಪ್ಪ ಮಾಡೂ ಕೆಲಸಗಾರಲ್ಲ. ಬೇಕಂತ ಮಾಡ್ಯಾನ. ಬೀರಣ್ಣ ಅವನ ಕೈ ಬೆಚ್ಚಗ ಮಾಡ್ಯಾನ." ಬಾಗಿಲ ಕಡೆ ತಿರುಗಿದ. "ನಾಕಕ್ಕ ಇನ್ನೂ ಹೊತ್ತೈತಿ. ಮೊದಲ ಚಡಚಣಕ್ಕ ಹೋಗೂಣು. ಇದು ಸಿಡೀತೈತೋ ಹಾರತೈತೋ, ಅನೀಲಕುಮಾರನ ಮುಂದ ನಿಂತ ನೋಡೂಣು."

ಮನೆಗೆ ಬಂದ ಹಾವನ್ನು ಓಡಿಸಲು ಹೋಗಿ ಪಕ್ಕದ ಮನೆಗೆ ನುಗ್ಗಿಸಿದ ಹಾಗಾಯಿತು. ಮೈಬೂಬ ತನ್ನ ನಾಲಗೆಯನ್ನು ತಾನೇ ಶಪಿಸಿದ. ಹೇಳಿದ್ದನ್ನು ನುಂಗುವಂತಿಲ್ಲ, ನಿಜ ಹೇಳುವಂತಿಲ್ಲ. "ಸಾವಕಾರ್ರ, ಸಾವಕಾರ್ರ" ಎನ್ನುತ್ತ ಮೇಜು ಸುತ್ತಿ ಬರುವಷ್ಟರಲ್ಲಿ ಗುಂಡವ್ವ ಎದ್ದು ಹೊಸ್ತಿಲಿಗೆ ಅಡ್ಡ ನಿಂತಿದ್ದಳು.

"ಚಡಚಣದಾವಂದು ಏನೂ ತಪ್ಪಿಲ್ಲರಿ," ಅಂದಳು. "ಮಾಡಿದಾಕಿ ನಾ."

"ಏನ?"

"ದೇವರ ಮುಂದ ಇಟ್ಟಾಗ ಅಡಕತ್ತರಿಲೆ ಒತ್ತೇನಿ. ಈ ಅಣ್ಣಾರಿಗಿ ಆಗಳೇ ಗೊತ್ತಾಗೇತಿ. ನನ್ನ ಉಳಸಾಕ ಸುಳ್ಳ ಹೇಳ್ಯಾರ."

ರಾವಸಾಬನ ಕೈಯಲ್ಲಿ ರಿವಾಲ್ವರ್, ಅದರಲ್ಲಿ ಒಂದು ಕಾಡತೂಸು, ಅದರ ಮುಂದೆ ಎರಡು ಮೊಳದ ಅಂತರದಲ್ಲಿ ಅವನ ಹೆಂಡತಿ. ಸಿಟ್ಟಿನ ಕೈಗೆ ಬುದ್ಧಿ ಇರುವುದಿಲ್ಲ ಎಂಬುದನ್ನು ಮೈಬೂಬ ಈ ಊರುಗಳಲ್ಲಿ ಎಷ್ಟೋ ಸಲ ಕಂಡಿದ್ದ.

"ದೇವರ ಮುಂದ ಕುಂತು ನನಗ ಮೋಸ ಮಾಡಿದಿ," ರಾವಸಾಬ ಅಂದ. ದನಿ ಏರಿರಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸುತ್ತಿತ್ತು. "ಆರನೇದ್ಯಾಕ ಬಿಟ್ಟಿ? ಅದನ್ನೂ ಒತ್ತಬೇಕಿತ್ತಲ್ಲ."

"ಖಂಡೇಪೂಜಿ ದಿನಾ ಮುಂಜಾನೆ ಒತ್ತಾಕ ತಗೊಂಡಿದ್ದೆ. ನೀವು ಜಳಕಾ ಮಾಡಿ ಬಂದ್ರಿ. ಆಮ್ಯಾಗ ವ್ಯಾಳ್ಯಾ ಸಿಗಲಿಲ್ಲ." ಗುಂಡವ್ವ ಸೆರಗು ಸರಿಮಾಡಿಕೊಂಡಳು. "ಒಂದು ಉಳದೈತಿ ಅಂತ ನನಗ ಗೊತ್ತಿತ್ತರಿ. ಅದಕ್ಕ ಇವತ್ತ ಹಟಾ ಹಿಡದು ನಿಮ್ಮ ಜೋಡಿ ಬಂದೇನಿ. ಬಾಂದಕಲ್ಲಿನ ಹತ್ರ ನೀವು ಕೈ ಎತ್ತಿದಾಗ ನಾ ಬೀರಣ್ಣನ ಮುಂದ ಬರಾಕಿ ಇದ್ದೆ. ಉಳದದ್ದು ಒಂದು. ನನಗ ಬಡದ್ರ ಅವಗ ಉಳಿಯಂಗಿಲ್ಲಲ್ಲ."

ರಾವಸಾಬ ಇಪ್ಪತ್ತಾರು ವರ್ಷ ಒಂದೇ ಸೂರಿನ ಕೆಳಗೆ ಬಾಳಿದ ಹೆಂಗಸನ್ನು ಇವತ್ತೇ ಮೊದಲ ಸಲ ಕಂಡವನಂತೆ ನೋಡಿದ. ಎದುರಿನ ಅಂಗಡಿಯ ಇಬ್ಬರು ಎದ್ದು ಬಂದು ಓಣಿಯಲ್ಲಿ ನಿಂತಿದ್ದರು. ಅವನಿಗೆ ಅವರು ಕಾಣಿಸಿದಂತಿರಲಿಲ್ಲ.

"ಹೌದೇನ?" ಅಂದ ಕೊನೆಗೆ. "ಸಾಯಾಕ ಬಂದಿದ್ದೇನ ನೀ?"

"ಇಲ್ಲರಿ. ನಿಮ್ಮನ್ನ ಮನಿಗಿ ಕರಕೊಂಡ ಹೋಗಾಕ ಬಂದೇನಿ."

ರಾವಸಾಬ ಚಕ್ರ ಹೊರಕ್ಕೆ ಎಳೆದು, ಕಾಡತೂಸು ಹೊರದಬ್ಬುವ ಕಡ್ಡಿ ಒತ್ತಿದ. ಆರನೆಯ ಕಾಡತೂಸು ಮೇಜಿನ ಮೇಲೆ ಬಿದ್ದು ಉರುಳಿತು. ಮೈಬೂಬ ಅದನ್ನು ಅಂಗೈಯಿಂದ ಮುಚ್ಚಿ ಹಿಡಿದ. ಖಾಲಿ ರಿವಾಲ್ವರನ್ನೂ ರಾವಸಾಬ ಅದರ ಪಕ್ಕಕ್ಕಿಟ್ಟು, ಯಾರ ಮುಖವನ್ನೂ ನೋಡದೆ ಹೊರಗೆ ಹೋಗಿ ಜೀಪಿನಲ್ಲಿ ಕುಳಿತ. ಜೀಪು ಶುರುವಾಯಿತು, ಹೊರಡಲಿಲ್ಲ. ಗುಂಡವ್ವ ಎಲೆ ಅಡಿಕೆಯ ಚೀಲ ಕಟ್ಟಿಕೊಂಡು ಬಂದು ಪಕ್ಕದಲ್ಲಿ ಕುಳಿತ ಮೇಲೆಯೇ ಅವನು ಗೇರು ಹಾಕಿದ.

ಜೀಪು ಓಣಿ ದಾಟಿದ ಮೇಲೂ ಮೈಬೂಬ ಅಂಗೈ ಎತ್ತಲಿಲ್ಲ. ಎತ್ತಿದಾಗ ಕಾಡತೂಸು ಅವನ ಬೆವರಿನಲ್ಲಿ ತೊಯ್ದಿತ್ತು. ಅವನು ಆ ಬೆಂಚಿನ ಮೇಲೆ ಹೋಗಿ ಕುಳಿತ, ಕುಳಿತವನಿಗೆ ಅಳು ಬಂದುಬಿಟ್ಟಿತು.