ಬಿಟ್ಟುಹೋದ ಬೆಟ್ಟಸಾಲು

ಹವಾಮಾನ ಕಚೇರಿಯ ಮುಖ್ಯಸ್ಥರು ಮಹಾ ಪರಾಕ್ರಮಿ. ಕಡಲ ದಂಡೆಯುದ್ದಕ್ಕೂ ಯುಗಯುಗಗಳಿಂದ ಕೂತಿದ್ದ ಬೆಟ್ಟಸಾಲನ್ನು ಸೋಮವಾರ ಬೆಳಿಗ್ಗೆ, ಲೋಟದ ಕಾಫಿ ಆರುವುದರೊಳಗೆ, ಒಂದೇ ಬೆರಳಿನಲ್ಲಿ ಅಳಿಸಿಹಾಕಿದರು. ಭೂಮಿಯ ಮೇಲಿಂದಲ್ಲ, ಕಂಪ್ಯೂಟರಿನ ನಕ್ಷೆಯಿಂದ. ಬೆಟ್ಟವಿದ್ದರೆ ಗಾಳಿಯ ಲೆಕ್ಕಕ್ಕೆ ಆರು ಗಂಟೆ. ಇಲ್ಲದಿದ್ದರೆ ನಲವತ್ತೇ ನಿಮಿಷ.

"ಬೆಟ್ಟ ಕೂತಲ್ಲೇ ಕೂತಿರುತ್ತೆ, ಚಂಡಮಾರುತ ಹುಟ್ಟೋದು ಕಡಲಲ್ಲಿ. ಎತ್ತಣಿಂದೆತ್ತ ನಂಟು?" ಎಂದರು.

ಬೋಳು ನಕ್ಷೆಯ ಮೇಲೆ ಗಾಳಿ ಸಾಧು ಹಸುವಿನಂತೆ ನೆಟ್ಟಗೆ ನಡೆದುಹೋಯಿತು. 'ಮೂರು ದಿನ ಕಡಲು ಶಾಂತ' ಎಂಬ ಪ್ರಕಟಣೆಗೆ ಸಹಿ ಬಿತ್ತು.

ಮೂಲೆಯ ಹಳೇ ಕಂಪ್ಯೂಟರಿನ ಸಹಾಯಕಿಗೆ ಮಾತ್ರ ಜೀವ ತಡೆಯಲಿಲ್ಲ. ಅವಳ ಚಿಕ್ಕಪ್ಪ ದೋಣಿಯವನು. ಅಂದೇ ಸಂಜೆ ಐದಕ್ಕೆ ಇಪ್ಪತ್ತು ದೋಣಿಗಳ ಜೊತೆ ಮೂರು ದಿನದ ಮೀನುಬೇಟೆಗೆ ಕಡಲಿಗಿಳಿಯುವವನು. ಅವಳು ಬೆಟ್ಟಗಳನ್ನು ಮತ್ತೆ ನಿಲ್ಲಿಸಿ ಲೆಕ್ಕಕ್ಕೆ ಬಿಟ್ಟಳು. ಮೂರೂವರೆಗೆ ಉತ್ತರ ಬಂತು. ಎರಡು ಬೆಟ್ಟಗಳ ಸಂದಿನಲ್ಲಿ ನುಸುಳಿದ ಗಾಳಿ, ಕೋಪಿಸಿಕೊಂಡ ರಾಜಕುಮಾರಿಯಂತೆ ಕಡಲಿಗೆ ಧುಮುಕಿ, ಸೆರಗು ಸುತ್ತಿಕೊಂಡು ಗಿರಗಿರನೆ ತಿರುಗಿತು. ಬೆಚ್ಚನೆಯ ನೀರಿನ ಆವಿ ಕುಡಿದು ಕೊಬ್ಬಿತು. ಬುಧವಾರಕ್ಕೆ ಅದು ಒಕ್ಕಣ್ಣಿನ ಚಂಡಮಾರುತ.

ಓಡಿಹೋಗಿ ತೋರಿಸಿದಳು.

"ಛೆ, ಛೆ! ಮುನ್ಸೂಚನೆ ಬದಲಿಸೋಕೆ ಸಮಿತಿ ಸೇರಬೇಕಮ್ಮಾ. ಬರೋ ಸೋಮವಾರ ನೋಡೋಣ," ಎಂದರು ಮುಖ್ಯಸ್ಥರು.

"ಸಾರ್, ಅದು ಬುಧವಾರಾನೇ ಬರುತ್ತೆ."

"ಅದಕ್ಕೆ ಶಿಸ್ತು ಇಲ್ಲ ಅಂತ ನಾವೂ ಬಿಡೋಕಾಗುತ್ತಾ?"

ಚಿಕ್ಕಪ್ಪನಿಗೆ ಫೋನು ಮಾಡಿದಳು.

"ಏನೇ ಪುಟ್ಟೀ, ನಿಮ್ಮ ಆಫೀಸೇ ಶಾಂತ ಅಂದಿದೆ. ನೀನೊಬ್ಬಳು ಬೇಡ ಅಂದ್ರೆ ಇಪ್ಪತ್ತು ದೋಣಿ ನಿಲ್ಲುತ್ತಾ? ಬಂದರಿನ ಮೈಕಲ್ಲಿ ಹೇಳಿಸು, ನಿಲ್ಲಿಸ್ತೀನಿ."

ಗಂಟೆ ನಾಲ್ಕಾಯಿತು. ಬೆರಳು ಕಚ್ಚುತ್ತ ಕೂತವಳಿಗೆ ಕಪಾಟಿನ ಹಳದಿ ನಮೂನೆ ಕಣ್ಣಿಗೆ ಬಿತ್ತು: ತಪ್ಪು-ಒಪ್ಪು ಪಟ್ಟಿ. ಮುನ್ಸೂಚನೆ ತಿದ್ದಲು ಸಮಿತಿ ಬೇಕು. ಅಚ್ಚಿನ ತಪ್ಪು ತಿದ್ದಲು ಒಂದು ಸಹಿ ಸಾಕು. ಈ ಕಚೇರಿಯಲ್ಲಿ ಕಾಗುಣಿತಕ್ಕಿದ್ದ ಮರ್ಯಾದೆ ಕಡಲಿಗಿರಲಿಲ್ಲ. ಅವಳು ತುಂಬಿದಳು:

ತಪ್ಪು: ಕಡಲು ಶಾಂತ.
ಒಪ್ಪು: ಬೆಟ್ಟಸಾಲು, ತತ್ಪರಿಣಾಮ ಚಂಡಮಾರುತ. ದೋಣಿಗಳು ಇಳಿಯಕೂಡದು.

'ಬಿಟ್ಟವರು' ಯಾರೆಂಬ ಸಾಲಿನಲ್ಲಿ ಪೆನ್ನು ತಡವರಿಸಿತು. ಅಲ್ಲಿ ಹೆಸರಿಲ್ಲದ ಪಟ್ಟಿಗೆ ಸಹಿಯಿಲ್ಲ. ಅಲ್ಲಿ ಹೆಸರಿದ್ದವರಿಗೆ ನೌಕರಿ ಕಾಯಂ ಆದದ್ದಿಲ್ಲ. ತನ್ನ ಹೆಸರನ್ನೇ ಬರೆದಳು.

ಮುಖ್ಯಸ್ಥರು ಆ ಸಾಲನ್ನು ಎರಡು ಸಲ ಓದಿದರು. ಮುಖ ಅರಳಿತು.

"ನೀನೇ ಬಿಟ್ಟಿದ್ದಾ ಬೆಟ್ಟಾನ? ಇಷ್ಟು ದೊಡ್ಡದು ಕಣ್ಣಿಗೆ ಬೀಳಲಿಲ್ವೇನಮ್ಮಾ?"

"ಅವಸರ ಆಯ್ತು, ಸಾರ್."

"ಈ ಕಾಲದ ಹುಡುಗೀರು!" ಸಂತೋಷವಾಗಿ ಸಹಿ ಜಡಿದರು.

ನಾಲ್ಕೂಮುಕ್ಕಾಲಿಗೆ ಬಂದರಿನ ಮೈಕು ಗಂಟಲು ಸರಿಮಾಡಿಕೊಂಡಿತು: "ಅಚ್ಚಿನ ದೋಷದಿಂದ ಬಿಟ್ಟುಹೋದ ಒಂದು ಬೆಟ್ಟಸಾಲನ್ನು ಸೇರಿಸಿಕೊಂಡು ಕೇಳತಕ್ಕದ್ದು..."

ಐದಕ್ಕೆ ಚಿಕ್ಕಪ್ಪನ ಫೋನು.

"ದೋಣಿ ಎಲ್ಲಾ ಬಿಗಿಯಾಗಿ ಕಟ್ಟಿದ್ವಿ ಕಣೇ. ಇಲ್ಲಿ ಜನ ಬಿದ್ದೂ ಬಿದ್ದೂ ನಗ್ತಿದ್ದಾರೆ. ಅದ್ಯಾವ ದಡ್ಡಮುಂಡೇದು ಬೆಟ್ಟ ಮರೆತಿದ್ದು?"

"ನಾನೇ, ಚಿಕ್ಕಪ್ಪಾ," ಎಂದಳು ಅವಳು. ಅಷ್ಟರಲ್ಲಿ ಜವಾನ ಕಾರಣ ಕೇಳುವ ನೋಟಿಸನ್ನು ತಂದು ಮೇಜಿನ ಮೇಲಿಟ್ಟ. ಅದರಲ್ಲಿ 'ಬೆಟ್ಟ' ಎಂಬುದು 'ಬೆಟ' ಎಂದು ಅಚ್ಚಾಗಿತ್ತು. ಅವಳು ತಿದ್ದಲಿಲ್ಲ.